ಗಡಿಯಾರದ ವಿಚಾರಣೆ: ಗಣಕ ಜಾಲದಲ್ಲಿ ಕಾಲವನ್ನು ಕಾಯ್ದ ಕಥೆ

ನಮ್ಮ ಮನೆಯ ಗೋಡೆ ಗಡಿಯಾರ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ಅದರ ಮುಖವನ್ನೇ ಎಷ್ಟು ಹೊತ್ತು ದಿಟ್ಟಿಸಿ ನೋಡಿದರೂ ಉತ್ತರ ಸಿಗುವುದಿಲ್ಲ. ಐದು ನಿಮಿಷ ಹಿಂದೆ ಬಿದ್ದಿರುವ ಗಡಿಯಾರವೂ ಸರಿಯಾದ ಗಡಿಯಾರದಷ್ಟೇ ಗಂಭೀರವಾಗಿ ಟಿಕ್ ಟಿಕ್ ಎನ್ನುತ್ತಿರುತ್ತದೆ. ಆಕಾಶವಾಣಿಯಲ್ಲಿ ವಾರ್ತೆಗೆ ಮುಂಚೆ ಕೇಳಿಬರುವ ಸಮಯ ಸೂಚಕ ಧ್ವನಿಯೊಂದಿಗೆ ಹೋಲಿಸಿ ನೋಡಿದಾಗ ಮಾತ್ರ ಅದು ಹಿಂದಿದೆಯೋ ಮುಂದಿದೆಯೋ ಗೊತ್ತಾಗುತ್ತದೆ.

ಈ ಸರಳ ಸಂಗತಿಯಲ್ಲಿ ಒಂದು ದೊಡ್ಡ ಸತ್ಯ ಅಡಗಿದೆ. ತಪ್ಪು ಗಡಿಯಾರಕ್ಕೆ ತಾನು ತಪ್ಪು ಎಂಬುದು ತಿಳಿಯದು. ಇನ್ನೊಂದು ಗಡಿಯಾರವನ್ನು ಕೇಳಬೇಕು, ಹೋಲಿಸಬೇಕು, ಆಮೇಲೆಯೇ ತಪ್ಪು ಬೆಳಕಿಗೆ ಬರುತ್ತದೆ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಹಿರಿಯರ ಮಾತು ಗಡಿಯಾರಕ್ಕೆ ಚೆನ್ನಾಗಿ ಒಪ್ಪುತ್ತದೆ. ಪ್ರಪಂಚದ ಉದ್ದಗಲಕ್ಕೂ ಹರಡಿರುವ ಗಣಕಗಳು ಒಂದೇ ಸಮಯವನ್ನು ತೋರಿಸುವಂತಾದ ಇತಿಹಾಸವೆಂದರೆ, ಗಡಿಯಾರಗಳನ್ನು ಮತ್ತೆ ಮತ್ತೆ ವಿಚಾರಿಸಿಕೊಂಡ ಇತಿಹಾಸವೇ. ಆ ವಿಚಾರಣೆಗಾಗಿ ತೆರೆದಿಟ್ಟ ಬಾಗಿಲಿನಿಂದ ಏನು ಲಾಭವಾಯಿತು, ಅದೇ ಬಾಗಿಲಿನಿಂದ ಯಾವ ಅಪಾಯ ಒಳಗೆ ಬಂತು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಗಣಕಕ್ಕೆ ಸರಿಯಾದ ಸಮಯ ಏಕೆ ಬೇಕು?

ಪ್ರತಿಯೊಂದು ಗಣಕದೊಳಗೂ ಒಂದು ಪುಟ್ಟ ಗಡಿಯಾರವಿದೆ. ಕ್ವಾರ್ಟ್ಸ್ ಹರಳಿನ ಕಂಪನವೇ ಅದಕ್ಕೆ ಆಧಾರ. ಹರಳು ಬಿಸಿಯಾದರೆ ಅಥವಾ ತಣ್ಣಗಾದರೆ ಕಂಪನದ ಗತಿ ಸ್ವಲ್ಪ ಬದಲಾಗುತ್ತದೆ. ಹೀಗಾಗಿ ಸಾಧಾರಣ ಗಣಕದ ಗಡಿಯಾರ ದಿನಕ್ಕೆ ಒಂದೆರಡು ಸೆಕೆಂಡುಗಳಷ್ಟು ಹಿಂದೆ ಮುಂದೆ ಸರಿಯುವುದು ಸಹಜ. ತಿಂಗಳಾದರೆ ಅದು ಅರ್ಧ ನಿಮಿಷವನ್ನೂ ಮೀರಬಹುದು.

ಅರ್ಧ ನಿಮಿಷದಿಂದ ಏನು ಮಹಾ ನಷ್ಟ ಎಂದು ನೀವು ಕೇಳಬಹುದು. ರೈಲಿನಲ್ಲಿ ಉಳಿದಿರುವ ಒಂದೇ ಒಂದು ಆಸನಕ್ಕೆ ಎರಡು ಊರುಗಳಿಂದ ಇಬ್ಬರು ಬೇಡಿಕೆ ಸಲ್ಲಿಸಿದರೆಂದು ಭಾವಿಸಿ. ಯಾರು ಮೊದಲು ಎಂಬುದನ್ನು ಎರಡು ಊರಿನ ಗಣಕಗಳ ಗಡಿಯಾರಗಳನ್ನು ನಂಬಿ ತೀರ್ಮಾನಿಸುವುದಾದರೆ, ಅವು ಒಂದಕ್ಕೊಂದು ಹೊಂದಿಕೊಂಡಿರಲೇಬೇಕು. ಬ್ಯಾಂಕಿನ ಒಂದು ಶಾಖೆಯಲ್ಲಿ ಹಣ ತೆಗೆದದ್ದು ಮೊದಲೋ, ಇನ್ನೊಂದು ಶಾಖೆಯಲ್ಲಿ ಹಣ ಕಟ್ಟಿದ್ದು ಮೊದಲೋ ಎಂಬ ಪ್ರಶ್ನೆಯೂ ಇಂಥದೇ. ಜಾಲದೊಳಗೆ ಯಾರೋ ಕಳ್ಳತನದಿಂದ ನುಗ್ಗಿದಾಗ, ಹತ್ತಾರು ಗಣಕಗಳ ದಾಖಲೆಗಳನ್ನು ಪಕ್ಕ ಪಕ್ಕ ಇಟ್ಟು ಘಟನೆಗಳನ್ನು ಕ್ರಮವಾಗಿ ಜೋಡಿಸಬೇಕಾಗುತ್ತದೆ. ಗಡಿಯಾರಗಳು ಬೇರೆ ಬೇರೆಯಾಗಿದ್ದರೆ ಕಾರಣವು ಪರಿಣಾಮದ ನಂತರ ನಡೆದಂತೆ ಕಾಣುತ್ತದೆ. ಅಂಥ ದಾಖಲೆ ಯಾವ ವಿಚಾರಣೆಯಲ್ಲೂ ನಿಲ್ಲದು.

ಮಿಲ್ಸ್ ಅವರ ಪ್ರಯೋಗಗಳು

ಈ ಇತಿಹಾಸದ ಕೇಂದ್ರ ವ್ಯಕ್ತಿ ಅಮೆರಿಕದ ಡೇವಿಡ್ ಮಿಲ್ಸ್. 1938ರಲ್ಲಿ ಜನಿಸಿದ ಅವರಿಗೆ ಹುಟ್ಟಿನಿಂದಲೇ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇತ್ತು. ಮಂದ ದೃಷ್ಟಿಯಲ್ಲಿಯೇ ಓದಿ, ಸಂಶೋಧನೆ ನಡೆಸಿ, 1977ರಲ್ಲಿ ಅವರು ಉಪಗ್ರಹ ಸಂಪರ್ಕ ಸಂಸ್ಥೆಯಾದ ಕಾಮ್‌ಸ್ಯಾಟ್ ಸೇರಿದರು. ಇಂಟರ್‌ನೆಟ್ ಎಂದು ನಾವು ಕರೆಯುವ ಜಾಲ ಆಗ ಪ್ರಯೋಗಶಾಲೆಗಳ ನಡುವೆ ರೂಪುಗೊಳ್ಳುತ್ತಿತ್ತು. ಮಿಲ್ಸ್ ಅವರು ಪಿಡಿಪಿ–11 ಕುಟುಂಬದ ಸಣ್ಣ ಗಣಕಗಳಲ್ಲಿ ನಡೆಯುವ 'ಫಝ್‌ಬಾಲ್' ಎಂಬ ತಂತ್ರಾಂಶವನ್ನು ಬರೆದರು. ಸಂದೇಶಗಳನ್ನು ದಾರಿ ನೋಡಿ ಸಾಗಿಸುವುದು ಅದರ ಒಂದು ಕೆಲಸ. ಮುಂದೆ 1986ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಜಾಲ ಆರಂಭವಾದಾಗ ಅದರ ಬೆನ್ನೆಲುಬಾಗಿ ನಿಂತದ್ದೂ ಫಝ್‌ಬಾಲ್‌ಗಳೇ.

ಜಾಲದ ನಡವಳಿಕೆಯನ್ನು ಅಳೆಯಬೇಕಾದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸಂದೇಶ ಹೋಗಲು ಎಷ್ಟು ಹೊತ್ತಾಯಿತು ಎಂಬುದು ಗೊತ್ತಾಗಬೇಕು. ಅದಕ್ಕೆ ಎರಡೂ ತುದಿಯ ಗಡಿಯಾರಗಳು ಒಂದೇ ಸಮಯ ತೋರಿಸಬೇಕು. ಈ ಅಗತ್ಯದಿಂದಲೇ ಮಿಲ್ಸ್ ಅವರ ಆಸಕ್ತಿ ಕಾಲದ ಕಡೆಗೆ ತಿರುಗಿತು. 1981ರಲ್ಲಿ ಅವರು ತಮ್ಮ ಜಾಲದ ಗಡಿಯಾರ ಸೇವೆಯನ್ನು ವಿವರಿಸುವ ದಸ್ತಾವೇಜು ಪ್ರಕಟಿಸಿದರು.

ಆ ದಿನಗಳ ಒಂದು ಕುತೂಹಲದ ಸಂಗತಿಯನ್ನು ಹೇಳಬೇಕು. ಅಂದಿನ ಅನೇಕ ಗಣಕಗಳು ಕಾಲವನ್ನು ಎಣಿಸುತ್ತಿದ್ದದ್ದು ವಿದ್ಯುತ್ ಸರಬರಾಜಿನ ಆವರ್ತದಿಂದ. ಅಮೆರಿಕದಲ್ಲಿ ಅದು ಸೆಕೆಂಡಿಗೆ 60 ಆವರ್ತ. ಹಗಲು ಹೊತ್ತು ವಿದ್ಯುತ್ ಬೇಡಿಕೆ ಏರಿದಾಗ ಜನರೇಟರುಗಳ ಮೇಲಿನ ಹೊರೆ ಹೆಚ್ಚಿ ಆವರ್ತ ತುಸು ಕುಗ್ಗುತ್ತದೆ. ಬೇಡಿಕೆ ಇಳಿದಾಗ ಅದನ್ನು ಸರಿದೂಗಿಸಲಾಗುತ್ತದೆ. ಇದರ ಜೊತೆಗೆ ಗಡಿಯಾರಗಳೂ ಕೆಲವು ಸೆಕೆಂಡುಗಳಷ್ಟು ಹಿಂದೆ ಮುಂದೆ ಆಡುತ್ತಿದ್ದವು. ಒಂದೇ ವಿದ್ಯುತ್ ಜಾಲದಲ್ಲಿದ್ದ ಗಣಕಗಳೆಲ್ಲ ಒಟ್ಟಿಗೆ ತಪ್ಪುತ್ತಿದ್ದುದರಿಂದ ಅವುಗಳನ್ನು ಪರಸ್ಪರ ಹೋಲಿಸಿದರೆ ತಪ್ಪು ಕಾಣುತ್ತಲೇ ಇರಲಿಲ್ಲ! ಕೊಲರಾಡೋ ರಾಜ್ಯದಿಂದ ಪ್ರಸಾರವಾಗುವ ಪ್ರಮಾಣ ಸಮಯದ ರೇಡಿಯೋ ಸಂಕೇತವನ್ನೋ, ಉಪಗ್ರಹದ ಸಂಕೇತವನ್ನೋ ಹಿಡಿಯುವ ಗಡಿಯಾರದ ಜೊತೆ ಹೋಲಿಸಿದಾಗ ನಿಜಸ್ಥಿತಿ ಗೋಚರವಾಯಿತು. ಸಾಕ್ಷಿ ಹೇಳುವವರೆಲ್ಲ ಒಂದೇ ಮನೆಯವರಾದರೆ ಸತ್ಯ ಹೊರಬರುವುದಿಲ್ಲ ಎಂಬ ಪಾಠ ಅಲ್ಲಿಂದಲೇ ಆರಂಭವಾಯಿತು.

1985ರ ಸೆಪ್ಟೆಂಬರಿನಲ್ಲಿ ಮಿಲ್ಸ್ ಅವರು ಒಟ್ಟಿಗೆ ಮೂರು ದಸ್ತಾವೇಜುಗಳನ್ನು ಹೊರತಂದರು. ಇಂಟರ್‌ನೆಟ್‌ನ ನಿಯಮಗಳು ಪ್ರಕಟವಾಗುವ 'ಆರ್‌ಎಫ್‌ಸಿ' ಮಾಲೆಯಲ್ಲಿ ಅವುಗಳ ಸಂಖ್ಯೆ 956, 957 ಮತ್ತು 958. ಮೊದಲನೆಯದರಲ್ಲಿ ಜಾಲದ ಅನೇಕ ಗಡಿಯಾರಗಳ ಉತ್ತರಗಳಿಂದ ಬಹುಮತವನ್ನು ಗುರುತಿಸುವ ಲೆಕ್ಕಕ್ರಮ, ಎರಡನೆಯದರಲ್ಲಿ ಪ್ರಯೋಗಗಳ ವಿವರ, ಮೂರನೆಯದರಲ್ಲಿ 'ಜಾಲ ಸಮಯ ನಿಯಮಾವಳಿ', ಅಂದರೆ ಇಂದು ನಾವು ಎನ್‌ಟಿಪಿ ಎಂದು ಕರೆಯುವ ಪದ್ಧತಿ. ಈ ಕ್ರಮವನ್ನು ಗಮನಿಸಿ. ಗಡಿಯಾರಗಳನ್ನು ತಿದ್ದುವ ನಿಯಮ ಬಂದದ್ದು ಕೊನೆಗೆ. ಅದಕ್ಕೂ ಮೊದಲು ಅವುಗಳನ್ನು ಕೇಳಿ ನೋಡಿದ್ದಾಯಿತು.

ನಾಲ್ಕು ಗುರುತುಗಳ ಲೆಕ್ಕ

ದೂರದ ಗಡಿಯಾರವನ್ನು ಕೇಳುವುದರಲ್ಲಿ ಒಂದು ತೊಡಕಿದೆ. ಉತ್ತರ ನಮ್ಮ ಕೈ ಸೇರುವಷ್ಟರಲ್ಲಿ ಅದು ಹಳತಾಗಿರುತ್ತದೆ. ಎಷ್ಟು ಹಳತು ಎಂಬುದನ್ನು ಎನ್‌ಟಿಪಿ ನಾಲ್ಕು ಸಮಯ ಗುರುತುಗಳಿಂದ ಕಂಡುಹಿಡಿಯುತ್ತದೆ.

ಒಂದು ಉದಾಹರಣೆ ನೋಡೋಣ. ನಿಮ್ಮ ಗಣಕ ತನ್ನ ಗಡಿಯಾರದ ಪ್ರಕಾರ 0 ಮಿಲಿಸೆಕೆಂಡಿನಲ್ಲಿ ಪ್ರಶ್ನೆ ಕಳುಹಿಸಿತು. ಸಮಯ ನೀಡುವ ಸರ್ವರ್ ತನ್ನ ಗಡಿಯಾರದ ಪ್ರಕಾರ 130ರಲ್ಲಿ ಅದನ್ನು ಪಡೆದು 132ರಲ್ಲಿ ಉತ್ತರ ಕಳುಹಿಸಿತು. ನಿಮ್ಮ ಗಡಿಯಾರದಲ್ಲಿ 62 ಆಗಿದ್ದಾಗ ಉತ್ತರ ತಲುಪಿತು. ಪ್ರಶ್ನೆ ಹೊರಟು ಉತ್ತರ ಬರುವವರೆಗೆ ಕಳೆದದ್ದು 62 ಮಿಲಿಸೆಕೆಂಡು. ಅದರಲ್ಲಿ 2 ಸರ್ವರ್ ಒಳಗೇ ಕಳೆಯಿತು. ಉಳಿದ 60 ಹೋಗಿ ಬರುವ ಪ್ರಯಾಣದ ಕಾಲ. ಹೋಗುವುದಕ್ಕೂ ಬರುವುದಕ್ಕೂ ತಲಾ 30 ಎಂದುಕೊಂಡರೆ, ಪ್ರಶ್ನೆ ಸರ್ವರನ್ನು ಮುಟ್ಟಿದಾಗ ನಿಮ್ಮ ಗಡಿಯಾರ 30 ತೋರಿಸುತ್ತಿತ್ತು, ಸರ್ವರ್ 130 ತೋರಿಸುತ್ತಿತ್ತು. ಅಂದರೆ ನಿಮ್ಮ ಗಡಿಯಾರ 100 ಮಿಲಿಸೆಕೆಂಡು ಹಿಂದಿದೆ.

ಎಂಟನೆಯ ತರಗತಿಯ ಗಣಿತಕ್ಕೆ ನಿಲುಕುವ ಈ ಲೆಕ್ಕದಲ್ಲಿ ಒಂದು ಊಹೆ ಸೇರಿಕೊಂಡಿದೆ: ಹೋಗುವ ದಾರಿಯೂ ಬರುವ ದಾರಿಯೂ ಸಮಾನ ಎಂಬುದು. ದಾರಿಗಳು ಅಸಮವಾಗಿದ್ದರೆ ಅಷ್ಟರ ಮಟ್ಟಿಗೆ ತಪ್ಪು ನುಸುಳುತ್ತದೆ. ಆದ್ದರಿಂದಲೇ ಎನ್‌ಟಿಪಿ ಒಬ್ಬರನ್ನೇ ನಂಬುವುದಿಲ್ಲ. ಹಲವು ಸರ್ವರುಗಳನ್ನು ಕೇಳಿ, ಒಂದಕ್ಕೊಂದು ಹೊಂದುವ ಉತ್ತರಗಳನ್ನು ಉಳಿಸಿಕೊಂಡು, ಗುಂಪಿನಿಂದ ದೂರ ಸರಿದವನ್ನು ಕೈಬಿಡುತ್ತದೆ. ಹೀಗೆ ಕೈಬಿಟ್ಟ ಗಡಿಯಾರಕ್ಕೆ ಮಿಲ್ಸ್ ಅವರ ಬಳಗ ಕೊಟ್ಟ ಹೆಸರಿನ ಅರ್ಥ 'ಸುಳ್ಳು ಟಿಕ್ ಎನ್ನುವುದು' ಎಂದು.

ಸರ್ವರುಗಳಲ್ಲಿ ಅಂತಸ್ತುಗಳೂ ಉಂಟು. ಪರಮಾಣು ಗಡಿಯಾರ, ಜಿಪಿಎಸ್ ಗ್ರಾಹಕ ಮೊದಲಾದ ಮೂಲ ಸಾಧನಗಳು ಸೊನ್ನೆಯ ಅಂತಸ್ತಿನವು. ಅವುಗಳಿಗೆ ನೇರವಾಗಿ ಜೋಡಿಸಿದ ಸರ್ವರುಗಳು ಒಂದನೆಯ ಅಂತಸ್ತು. ಅವುಗಳಿಂದ ಸಮಯ ಪಡೆಯುವವು ಎರಡನೆಯದು. ಹೀಗೆ 15ರ ವರೆಗೆ ಇಳಿಯುತ್ತದೆ. 16 ಎಂದರೆ 'ನನ್ನ ಗಡಿಯಾರ ಯಾವುದಕ್ಕೂ ಹೊಂದಿಕೊಂಡಿಲ್ಲ' ಎಂದು ಅರ್ಥ.

ವಿಚಾರಣೆಯ ಸಾಧನ ಬಂದದ್ದು

ಎನ್‌ಟಿಪಿ ತಾನೇ ತಾನಾಗಿ ಹಗಲಿರುಳು ಹಿನ್ನೆಲೆಯಲ್ಲಿ ಕೆಲಸ ಮಾಡುವ ವ್ಯವಸ್ಥೆ. ಅದರ ಅನುಕೂಲವೇ ಅದರ ತೊಂದರೆಯೂ ಹೌದು. ಕಾಣದೆ ಕೆಲಸ ಮಾಡುವುದು ಕಾಣದೆಯೇ ಕೆಡಬಹುದು. ಸರ್ವರ್ ಯಾರನ್ನು ನಂಬುತ್ತಿದೆ, ಯಾರನ್ನು ಬಿಟ್ಟಿದೆ, ಎಷ್ಟು ವ್ಯತ್ಯಾಸದಲ್ಲಿದೆ ಎಂಬುದನ್ನು ಹೊರಗಿನಿಂದ ತಿಳಿಯಲು ದಾರಿ ಬೇಕಿತ್ತು.

ಎನ್‌ಟಿಪಿಯ ಮೊದಲ ಆವೃತ್ತಿ 1988ರಲ್ಲಿ ಪ್ರಕಟವಾಯಿತು. 1989ರ ಎರಡನೆಯ ಆವೃತ್ತಿಯಲ್ಲಿ 'ನಿಯಂತ್ರಣ ಸಂದೇಶ'ಗಳನ್ನು ಸೇರಿಸಲಾಯಿತು. ಸಮಯವನ್ನು ಕೇಳುವ ಸಂದೇಶ ಒಂದು ಬಗೆಯದಾದರೆ, ಸರ್ವರಿನ ಆರೋಗ್ಯವನ್ನು ವಿಚಾರಿಸುವ ಸಂದೇಶ ಇನ್ನೊಂದು ಬಗೆಯದು. ಇದಕ್ಕೆ ಆರನೆಯ ಬಗೆ ಎಂದು ಸಂಖ್ಯೆ ಕೊಟ್ಟರು. ಟೊರಾಂಟೋ ವಿಶ್ವವಿದ್ಯಾಲಯದ ಡೆನಿಸ್ ಫರ್ಗುಸನ್ ಅವರು ಯುನಿಕ್ಸ್ ಗಣಕಗಳಿಗಾಗಿ ಬರೆದ ಎಕ್ಸ್‌ಎನ್‌ಟಿಪಿಡಿ ಎಂಬ ತಂತ್ರಾಂಶದ ಜೊತೆಯಲ್ಲಿ ಎರಡು ವಿಚಾರಣಾ ಸಾಧನಗಳು ಪ್ರಚಾರಕ್ಕೆ ಬಂದವು. ಒಂದು ಎನ್‌ಟಿಪಿಕ್ಯೂ. ಅದು ನಿಯಮಾವಳಿಯಲ್ಲಿ ಬರೆದ ಆರನೆಯ ಬಗೆಯ ಸಂದೇಶಗಳನ್ನು ಬಳಸುತ್ತಿತ್ತು. ಇನ್ನೊಂದು, ಮುಂದೆ ಎನ್‌ಟಿಪಿಡಿಸಿ ಎಂದು ಹೆಸರಾದದ್ದು. ಅದು ಬಳಸಿದ್ದು ಏಳನೆಯ ಬಗೆಯ ಸಂದೇಶ. ಏಳನೆಯ ಬಗೆಯ ಒಳರಚನೆಯನ್ನು ನಿಯಮಾವಳಿ ಎಂದೂ ನಿಗದಿ ಮಾಡಲಿಲ್ಲ. ಅದು ತಂತ್ರಾಂಶ ಬರೆದವರ ಖಾಸಗಿ ಭಾಷೆಯಾಗಿಯೇ ಉಳಿಯಿತು. ಈ ವ್ಯತ್ಯಾಸವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

1992ರಲ್ಲಿ ಬಂದ ಮೂರನೆಯ ಆವೃತ್ತಿಯ ದಸ್ತಾವೇಜು ಈ ನಿಯಂತ್ರಣ ಸಂದೇಶಗಳನ್ನು ಅನುಬಂಧದಲ್ಲಿ ಇಟ್ಟಿತು. ಬೇರೆ ಜಾಲ ನಿರ್ವಹಣಾ ಸೌಕರ್ಯ ಇಲ್ಲದ ಕಡೆ ಮಾತ್ರ ಇವುಗಳನ್ನು ಬಳಸಿದರೆ ಸಾಕು ಎಂಬುದು ಅದರ ಆಶಯ. ಆದರೆ ತಾತ್ಕಾಲಿಕ ಎಂದುಕೊಂಡದ್ದೇ ಶಾಶ್ವತವಾಯಿತು. ಮುಂದಿನ ದಶಕಗಳಲ್ಲಿ ಲಕ್ಷಾಂತರ ಸರ್ವರುಗಳು ಈ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ನಿಂತವು.

ಒಂದು ಕೋಷ್ಟಕವನ್ನು ಓದುವ ಬಗೆ

ಎನ್‌ಟಿಪಿಕ್ಯೂ ಸಾಧನಕ್ಕೆ 'ನಿನ್ನ ಜೊತೆಗಾರರನ್ನು ತೋರಿಸು' ಎಂಬ ಆಜ್ಞೆ ಕೊಟ್ಟರೆ ಪರದೆಯ ಮೇಲೆ ಒಂದು ಕೋಷ್ಟಕ ಮೂಡುತ್ತದೆ. ಸಾಲಿಗೊಂದು ಸರ್ವರ್. ಆ ಕೋಷ್ಟಕವನ್ನು ವೈದ್ಯರು ರೋಗಿಯ ಜ್ವರದ ಪಟ್ಟಿಯನ್ನು ಓದುವಂತೆ ಓದಬಹುದು.

ಹೆಸರಿನ ಎಡಗಡೆ ಒಂದು ಚಿಹ್ನೆ ಇರುತ್ತದೆ. ನಕ್ಷತ್ರ ಚಿಹ್ನೆ ಇದ್ದರೆ, ಸದ್ಯಕ್ಕೆ ನಮ್ಮ ಗಣಕ ಅನುಸರಿಸುತ್ತಿರುವುದು ಆ ಸರ್ವರನ್ನೇ. ಕೂಡುವ ಚಿಹ್ನೆ ಇದ್ದವು ನಂಬಿಕೆಗೆ ಅರ್ಹವಾದ ಇತರ ಸರ್ವರುಗಳು. ಗುಣಾಕಾರದ ಗುರುತಿನಂತಿರುವ ಅಕ್ಷರ ಕಂಡರೆ ಅದು ಸುಳ್ಳು ಗಡಿಯಾರವೆಂದು ತಿರಸ್ಕೃತವಾಗಿದೆ. ನಂತರದ ಕಾಲಂಗಳಲ್ಲಿ ಆ ಸರ್ವರಿನ ಅಂತಸ್ತು, ಅದನ್ನು ಕೊನೆಯ ಬಾರಿ ವಿಚಾರಿಸಿ ಎಷ್ಟು ಹೊತ್ತಾಯಿತು, ಎಷ್ಟು ಸೆಕೆಂಡಿಗೊಮ್ಮೆ ವಿಚಾರಿಸಲಾಗುತ್ತಿದೆ ಎಂಬ ವಿವರಗಳಿರುತ್ತವೆ. ಸಾಮಾನ್ಯವಾಗಿ ಈ ಅಂತರ 64 ಸೆಕೆಂಡಿನಿಂದ 1,024 ಸೆಕೆಂಡಿನ ವರೆಗೆ. ಕೊನೆಯ ಮೂರು ಕಾಲಂಗಳು ಪ್ರಯಾಣದ ವಿಳಂಬ, ಗಡಿಯಾರಗಳ ವ್ಯತ್ಯಾಸ ಮತ್ತು ಆ ವ್ಯತ್ಯಾಸದ ಹೊಯ್ದಾಟವನ್ನು ಮಿಲಿಸೆಕೆಂಡುಗಳಲ್ಲಿ ತೋರಿಸುತ್ತವೆ.

ನಡುವೆ ಇರುವ ಒಂದು ಕಾಲಂ ಗಣಿತ ವಿದ್ಯಾರ್ಥಿಗಳಿಗೆ ಇಷ್ಟವಾಗುವಂಥದು. ಅದು ಕಳೆದ ಎಂಟು ವಿಚಾರಣೆಗಳ ನೆನಪು. ಉತ್ತರ ಬಂದರೆ 1, ಬಾರದಿದ್ದರೆ 0. ಹೊಸ ಅಂಕಿ ಬಲಗಡೆ ಸೇರಿದಂತೆ ಹಳೆಯವು ಎಡಕ್ಕೆ ಸರಿದು ಒಂಬತ್ತನೆಯದು ಉದುರಿಹೋಗುತ್ತದೆ. ಈ ಎಂಟು ದ್ವಿಮಾನ ಅಂಕಿಗಳನ್ನು ಅಷ್ಟಮಾನ ಪದ್ಧತಿಯಲ್ಲಿ ಬರೆದು ತೋರಿಸಲಾಗುತ್ತದೆ. ಎಂಟೂ 1 ಆದರೆ 377. ಕೊನೆಯ ಪ್ರಶ್ನೆಗೆ ಮಾತ್ರ ಉತ್ತರ ಬಂದಿಲ್ಲವಾದರೆ 376. ಒಂದಕ್ಕೂ ಬಂದಿಲ್ಲವಾದರೆ 0. ಅನುಭವಿ ನಿರ್ವಾಹಕರು ಈ ಸಂಖ್ಯೆಯನ್ನು ಕಂಡ ಕ್ಷಣವೇ, ಸರ್ವರ್ ಸತ್ತಿದೆಯೋ ಇಲ್ಲವೇ ದಾರಿಯಲ್ಲಿ ಆಗೊಮ್ಮೆ ಈಗೊಮ್ಮೆ ಪ್ಯಾಕೆಟ್ ಕಳೆದುಹೋಗುತ್ತಿದೆಯೋ ಎಂದು ಹೇಳಬಲ್ಲರು.

ಇಡೀ ಜಾಲವನ್ನೇ ಕೇಳಿದಾಗ

ಒಂದು ಸರ್ವರನ್ನು ಕೇಳಲು ಬರುವುದಾದರೆ ಎಲ್ಲ ಸರ್ವರುಗಳನ್ನೂ ಏಕೆ ಕೇಳಬಾರದು? 1986ರಲ್ಲಿ ಡೆಲವೇರ್ ವಿಶ್ವವಿದ್ಯಾಲಯ ಸೇರಿದ್ದ ಮಿಲ್ಸ್ ಅವರು 1989ರಲ್ಲಿ ಇಂಥ ಒಂದು ಜಾಲಗಣತಿಯ ಫಲಿತಾಂಶ ಪ್ರಕಟಿಸಿದರು. ಅಮೆರಿಕ, ಯೂರೋಪು ಮತ್ತು ಪೆಸಿಫಿಕ್ ಪ್ರದೇಶಗಳ ಒಂದು ಲಕ್ಷಕ್ಕೂ ಹೆಚ್ಚು ಗಣಕಗಳನ್ನು ಒಳಗೊಂಡ ಪ್ರಯೋಗ ಅದು. ಮೂರು ಬಗೆಯ ಸಮಯ ಪದ್ಧತಿಗಳಲ್ಲಿ ಯಾವುದರಿಂದಲಾದರೂ ಸಮಯ ಹೇಳಬಲ್ಲ ಗಣಕಗಳನ್ನು ಹುಡುಕಿ ಅವುಗಳ ನಿಖರತೆಯನ್ನು ಪರೀಕ್ಷಿಸಿದರು. ಎನ್‌ಟಿಪಿ ಬಳಸಿದರೆ ಇಂಟರ್‌ನೆಟ್‌ನ ಬಹುಭಾಗದಲ್ಲಿ ಗಡಿಯಾರಗಳನ್ನು ಕೆಲವು ಹತ್ತು ಮಿಲಿಸೆಕೆಂಡುಗಳ ಒಳಗೆ ಹೊಂದಿಸಿ ಇಡಬಹುದು ಎಂದು ಸಿದ್ಧವಾಯಿತು.

ಹತ್ತು ವರ್ಷಗಳ ನಂತರ, 1999ರಲ್ಲಿ, ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ನೆಲ್ಸನ್ ಮಿನಾರ್ ಅವರು ಮತ್ತೊಂದು ಗಣತಿ ನಡೆಸಿದರು. ಅವರ ವಿಧಾನ ಸ್ವಾರಸ್ಯವಾದದ್ದು. ಪ್ರತಿ ಸರ್ವರನ್ನೂ ಎರಡು ಪ್ರಶ್ನೆ ಕೇಳುವುದು: 'ನೀನು ಯಾರಿಂದ ಸಮಯ ಪಡೆಯುತ್ತೀಯೆ?' ಮತ್ತು 'ನಿನ್ನ ಬಳಿಗೆ ಇತ್ತೀಚೆಗೆ ಬಂದವರು ಯಾರು?' ಎರಡನೆಯ ಪ್ರಶ್ನೆಗೆ ಎನ್‌ಟಿಪಿಡಿಸಿಯಲ್ಲಿ 'ಮಾನ್‌ಲಿಸ್ಟ್' ಎಂಬ ಆಜ್ಞೆ ಇತ್ತು. ಉತ್ತರದಲ್ಲಿ ಸಿಕ್ಕ ಹೊಸ ವಿಳಾಸಗಳನ್ನು ಮತ್ತೆ ಕೇಳುತ್ತ, ಜೇಡ ಬಲೆ ನೇಯುವಂತೆ ಅವರ ಪ್ರೋಗ್ರಾಮ್ ಜಾಲದ ತುಂಬ ಹರಡಿಕೊಂಡಿತು.

ಆಗ ಎನ್‌ಟಿಪಿ ಬಳಸುವ ಕನಿಷ್ಠ 1,75,000 ಗಣಕಗಳು ಕಂಡುಬಂದವು. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿತ್ತು. 'ನಾನು ಒಂದನೆಯ ಅಂತಸ್ತಿನವನು' ಎಂದು ಹೇಳಿಕೊಂಡ ಸರ್ವರುಗಳಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವಂತಿದ್ದವು ಶೇಕಡಾ 28 ಮಾತ್ರ! ಅನೇಕವು ಯಾವ ಪ್ರಮಾಣ ಗಡಿಯಾರವನ್ನೂ ಜೋಡಿಸಿಕೊಳ್ಳದೆ ತಮ್ಮ ಒಳಗಿನ ಹರಳು ಗಡಿಯಾರವನ್ನೇ ಮೂಲವೆಂದು ಸಾರುತ್ತಿದ್ದವು. ಅವುಗಳನ್ನು ನಡೆಸುತ್ತಿದ್ದವರಿಗೆ ಇದು ತಿಳಿದಿತ್ತೆಂದು ಹೇಳುವಂತಿಲ್ಲ. ಹೊರಗಿನವರೊಬ್ಬರು ಬಂದು ಪ್ರಶ್ನೆ ಕೇಳಿದ್ದರಿಂದಲೇ ವಿಷಯ ಹೊರಬಿತ್ತು.

ಕೇಳದೆ ನಂಬಿದ್ದಕ್ಕೆ ತೆತ್ತ ಬೆಲೆ

ವಿಚಾರಿಸದೆ ನಂಬಿದರೆ ಏನಾಗುತ್ತದೆ ಎಂಬುದಕ್ಕೆ 2012ರ ನವೆಂಬರ್ 19ರ ಘಟನೆ ಸಾಕ್ಷಿ. ಅಮೆರಿಕದ ನೌಕಾ ಖಗೋಳ ವೀಕ್ಷಣಾಲಯ ಆ ದೇಶದ ಕಾಲಪಾಲಕ ಸಂಸ್ಥೆಗಳಲ್ಲಿ ಒಂದು. ಅದರ ಎರಡು ಪ್ರಸಿದ್ಧ ಸರ್ವರುಗಳ ಹೆಸರು 'ಟಿಕ್' ಮತ್ತು 'ಟಾಕ್'. ಅಂದು ಸುಮಾರು ಒಂದು ಗಂಟೆ ಕಾಲ ಅವೆರಡೂ ಇಸವಿ 2000 ಎಂದು ಹೇಳಿದವು. ಈ ಎರಡನ್ನೇ ನೆಚ್ಚಿಕೊಂಡಿದ್ದ ವ್ಯವಸ್ಥೆಗಳು ಹನ್ನೆರಡು ವರ್ಷ ಹಿಂದಕ್ಕೆ ಜಿಗಿದು ಕಷ್ಟಕ್ಕೆ ಸಿಲುಕಿದವು. ನಾಲ್ಕೈದು ಬೇರೆ ಬೇರೆ ಮೂಲಗಳನ್ನು ವಿಚಾರಿಸುತ್ತಿದ್ದ ಗಣಕಗಳು ಆ ಎರಡನ್ನು ಸುಳ್ಳು ಗಡಿಯಾರಗಳ ಸಾಲಿಗೆ ಸೇರಿಸಿ ತಮ್ಮ ಕೆಲಸ ಮುಂದುವರಿಸಿದವು. ಎಷ್ಟು ದೊಡ್ಡ ಹೆಸರಿನ ಗಡಿಯಾರವಾದರೂ ಅದನ್ನು ಇತರರೊಂದಿಗೆ ಹೋಲಿಸಲೇಬೇಕು.

2003ರಲ್ಲಿ ಆರಂಭವಾದ 'ಎನ್‌ಟಿಪಿ ಪೂಲ್' ಎಂಬ ಸ್ವಯಂಸೇವಕರ ಕೂಟ ಇದನ್ನು ನಿತ್ಯದ ನಿಯಮವನ್ನಾಗಿ ಮಾಡಿಕೊಂಡಿದೆ. ಅನೇಕ ದೇಶಗಳ ಆಸಕ್ತರು ತಮ್ಮ ಸರ್ವರುಗಳನ್ನು ಅದಕ್ಕೆ ಉಚಿತವಾಗಿ ಒದಗಿಸುತ್ತಾರೆ. ಉಸ್ತುವಾರಿ ಕೇಂದ್ರಗಳು ಪ್ರತಿಯೊಂದನ್ನೂ ಆಗಾಗ ವಿಚಾರಿಸಿ ಅಂಕ ಹಾಕುತ್ತವೆ. ಗರಿಷ್ಠ ಅಂಕ 20. ಉತ್ತರ ಬಾರದಿದ್ದರೆ ಅಥವಾ ಸಮಯ ತಪ್ಪಿದ್ದರೆ ಅಂಕ ಕಡಿತವಾಗುತ್ತದೆ. 10ಕ್ಕಿಂತ ಕೆಳಗಿಳಿದ ಸರ್ವರನ್ನು ಯಾರಿಗೂ ಸೂಚಿಸುವುದಿಲ್ಲ. ಪರೀಕ್ಷೆಗೆ ಹೆದರುವ ವಿದ್ಯಾರ್ಥಿಗಳು ಗಮನಿಸಬೇಕು, ಇಲ್ಲಿ ಗಡಿಯಾರಗಳಿಗೂ ದಿನವಿಡೀ ಪರೀಕ್ಷೆಯೇ!

ಅತಿಯಾಗಿ ಕೇಳುವುದೂ ಹಾನಿಕರ ಎಂಬುದು ಅದೇ 2003ರಲ್ಲಿ ತಿಳಿಯಿತು. ಮೇ ತಿಂಗಳಿನಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಮಯ ಸರ್ವರಿಗೆ ಪ್ರಶ್ನೆಗಳ ಪ್ರವಾಹವೇ ಹರಿದು ಬರತೊಡಗಿತು. ಪ್ರವಾಹ ಸೆಕೆಂಡಿಗೆ ಎರಡೂವರೆ ಲಕ್ಷ ಪ್ಯಾಕೆಟ್ಟುಗಳ ಮಟ್ಟ ಮುಟ್ಟಿತು. ವಿಚಾರಿಸಿ ನೋಡಿದಾಗ, ನೆಟ್‌ಗಿಯರ್ ಕಂಪನಿ ತಯಾರಿಸಿದ ಮನೆಬಳಕೆಯ ಸುಮಾರು 7 ಲಕ್ಷ ರೌಟರುಗಳಲ್ಲಿ ಆ ಸರ್ವರಿನ ವಿಳಾಸವನ್ನೇ ಅಚ್ಚೊತ್ತಿದಂತೆ ಬರೆದಿಟ್ಟಿದ್ದರು. ಉತ್ತರ ಬಾರದಿದ್ದರೆ ಅವು ಪ್ರತಿ ಸೆಕೆಂಡಿಗೂ ಮತ್ತೆ ಕೇಳುತ್ತಿದ್ದವು. ದುರುದ್ದೇಶ ಯಾರಿಗೂ ಇರಲಿಲ್ಲ. ಕೇಳುವುದಕ್ಕೂ ಒಂದು ಮಿತಿ ಬೇಕು ಎಂಬ ವಿವೇಕ ಆ ತಂತ್ರಾಂಶದಲ್ಲಿ ಇರಲಿಲ್ಲ ಅಷ್ಟೆ.

ಬೇಲಿಯೇ ಎದ್ದು ಹೊಲ ಮೇಯ್ದಾಗ

ಇನ್ನು ದುರುದ್ದೇಶದ ಕಥೆ. ವಿಚಾರಣಾ ಸಾಧನಗಳು ಹುಟ್ಟಿದ ಕಾಲದಲ್ಲಿ ಜಾಲದಲ್ಲಿ ಇದ್ದವರು ಬಹುಮಟ್ಟಿಗೆ ವಿಶ್ವವಿದ್ಯಾಲಯ, ಸಂಶೋಧನಾಲಯಗಳ ಪರಿಚಿತರು. ಯಾರು ಕೇಳಿದರೂ ಉತ್ತರ ಕೊಡುವುದು ಅಂದಿನ ಸೌಜನ್ಯ. ಆ ಸೌಜನ್ಯದಲ್ಲಿ ಒಂದು ಬಿರುಕಿತ್ತು. ಪ್ರಶ್ನೆ ತರುವ ಪ್ಯಾಕೆಟ್ಟಿನ ಮೇಲೆ ಕಳುಹಿಸಿದವರ ವಿಳಾಸವಿರುತ್ತದೆ. ಅದು ನಿಜವೋ ಸುಳ್ಳೋ ಎಂದು ಸರ್ವರ್ ಪರೀಕ್ಷಿಸುತ್ತಿರಲಿಲ್ಲ.

ಮೊದಲ ಎಚ್ಚರಿಕೆ 2009ರ ಡಿಸೆಂಬರಿನಲ್ಲಿ ಬಂತು. ಏಳನೆಯ ಬಗೆಯ ಸಂದೇಶ ಅರ್ಥವಾಗದಿದ್ದರೆ ಸರ್ವರ್ 'ಇದು ದೋಷ' ಎಂದು ಅದೇ ಬಗೆಯ ಸಂದೇಶದಲ್ಲಿ ಉತ್ತರಿಸುತ್ತಿತ್ತು. ಒಂದು ಸರ್ವರಿನ ವಿಳಾಸವನ್ನು ಸುಳ್ಳಾಗಿ ಬರೆದು ಇನ್ನೊಂದಕ್ಕೆ ಕಳುಹಿಸಿದರೆ, ಎರಡೂ ಒಂದಕ್ಕೊಂದು 'ದೋಷ', 'ದೋಷ' ಎಂದು ಕೊನೆಯಿಲ್ಲದೆ ಹೇಳಿಕೊಳ್ಳುತ್ತ ಸುಸ್ತಾಗುತ್ತಿದ್ದವು. ಆ ದೋಷವನ್ನು ಸರಿಪಡಿಸಲಾಯಿತು.

ದೊಡ್ಡ ಪೆಟ್ಟು ಬಿದ್ದದ್ದು 2013ರ ಕೊನೆಯಿಂದ 2014ರ ಆರಂಭದ ತಿಂಗಳುಗಳಲ್ಲಿ. ಮಿನಾರ್ ಅವರ ಗಣತಿಗೆ ನೆರವಾದ ಮಾನ್‌ಲಿಸ್ಟ್ ಆಜ್ಞೆಯೇ ಅಸ್ತ್ರವಾಯಿತು. ಆ ಪುಟ್ಟ ಪ್ರಶ್ನೆಗೆ ಸರ್ವರ್ ತನ್ನ ಬಳಿಗೆ ಬಂದ 600 ವಿಳಾಸಗಳವರೆಗಿನ ಪಟ್ಟಿಯನ್ನು ನೂರು ಪ್ಯಾಕೆಟ್ಟುಗಳಲ್ಲಿ ಕಳುಹಿಸುತ್ತಿತ್ತು. ಒಬ್ಬ ಕಿಡಿಗೇಡಿ ನಿಮ್ಮ ಹೆಸರು ವಿಳಾಸ ಹಾಕಿ ಸಾವಿರಾರು ಪುಸ್ತಕದಂಗಡಿಗಳಿಗೆ 'ನಿಮ್ಮ ಪುಸ್ತಕಪಟ್ಟಿ ಕಳುಹಿಸಿ' ಎಂದು ಅಂಚೆ ಕಾರ್ಡು ಬರೆದನೆಂದು ಊಹಿಸಿಕೊಳ್ಳಿ. ಅವನ ಖರ್ಚು ಒಂದೊಂದು ಕಾರ್ಡು. ನಿಮ್ಮ ಬಾಗಿಲಿಗೆ ಬಂದು ಬೀಳುವುದು ಮೂಟೆ ಮೂಟೆ ಪಟ್ಟಿಗಳು. ಮನೆಯೊಳಗೆ ಹೋಗಲೂ ದಾರಿ ಇರುವುದಿಲ್ಲ. 2014ರ ಫೆಬ್ರವರಿ 10ರಂದು ನಡೆದ ಇಂಥ ದಾಳಿ ಸೆಕೆಂಡಿಗೆ ಸುಮಾರು 400 ಗಿಗಾಬಿಟ್ ಮಟ್ಟ ತಲುಪಿತೆಂದು ಅದನ್ನು ತಡೆದ ಕ್ಲೌಡ್‌ಫ್ಲೇರ್ ಸಂಸ್ಥೆ ವರದಿ ಮಾಡಿತು. ಅದಕ್ಕೆ ಬಳಕೆಯಾದ ಸಮಯ ಸರ್ವರುಗಳು 4,529 ಮಾತ್ರ. ಅವು ಹರಡಿದ್ದದ್ದು 1,298 ಜಾಲಗಳಲ್ಲಿ. ಪ್ರಶ್ನೆಗಿಂತ ಉತ್ತರ 200 ಪಟ್ಟಿಗೂ ಹೆಚ್ಚು ದೊಡ್ಡದಾಗಬಹುದಿತ್ತು ಎಂಬುದೂ ಆ ಸಂಸ್ಥೆಯದೇ ಲೆಕ್ಕ.

ಕಾಲವನ್ನು ಕಾಯಲು ಇಟ್ಟ ಸಾಧನವೇ ಹೀಗೆ ಊರು ಕೊಳ್ಳೆ ಹೊಡೆಯುವವರಿಗೆ ನೆರವಾಯಿತು. ಇದರಲ್ಲಿ ಇನ್ನೊಂದು ನೋವಿನ ಸಂಗತಿಯಿದೆ. ತಂತ್ರಾಂಶದ ಅಭಿವೃದ್ಧಿ ಆವೃತ್ತಿಯಿಂದ ಮಾನ್‌ಲಿಸ್ಟನ್ನು 2010ರಲ್ಲಿಯೇ ತೆಗೆದುಹಾಕಲಾಗಿತ್ತು. ಆದರೆ ಲೋಕದ ಸರ್ವರುಗಳಲ್ಲಿ ಬಹುಪಾಲು ಹಳೆಯ ಆವೃತ್ತಿಯಲ್ಲೇ ನಡೆಯುತ್ತಿದ್ದವು. ಒಮ್ಮೆ ಸ್ಥಾಪಿಸಿ ಮರೆತುಬಿಟ್ಟಿದ್ದ ಸರ್ವರುಗಳವು. ಅವುಗಳನ್ನು ವಿಚಾರಿಸುವವರೇ ಇರಲಿಲ್ಲ. ದಾಳಿಯ ಸುದ್ದಿ ಹರಡಿದ ಕೆಲವೇ ವಾರಗಳಲ್ಲಿ ನಿರ್ವಾಹಕರು ಎಚ್ಚೆತ್ತುಕೊಂಡು ದೊಡ್ಡ ಪ್ರಮಾಣದಲ್ಲಿ ಈ ಬಾಗಿಲನ್ನು ಮುಚ್ಚಿದರು.

ಬಾಗಿಲಿಗೆ ಬಂದ ಕಾವಲುಗಾರ

ಹಾಗಾದರೆ ವಿಚಾರಣೆಯನ್ನೇ ನಿಲ್ಲಿಸಬೇಕೆ? ನಿಲ್ಲಿಸಿದರೆ ಸುಳ್ಳು ಗಡಿಯಾರಗಳನ್ನು ಹಿಡಿಯುವವರು ಯಾರು? ತಂತ್ರಜ್ಞರು ನಡುವಿನ ದಾರಿ ಹುಡುಕಿದರು. ಮಾನ್‌ಲಿಸ್ಟಿನ ಜಾಗದಲ್ಲಿ ಎನ್‌ಟಿಪಿಕ್ಯೂ ಸಾಧನಕ್ಕೆ ಬೇರೊಂದು ಆಜ್ಞೆ ಕೊಟ್ಟರು. ಹೊಸ ಕ್ರಮದಲ್ಲಿ ಪಟ್ಟಿ ಬೇಕೆಂದವರು ಮೊದಲು ಒಂದು ಗುರುತಿನ ಚೀಟಿ ಕೇಳಬೇಕು. ಸರ್ವರ್ ಅದನ್ನು ಪ್ರಶ್ನೆಯಲ್ಲಿರುವ ವಿಳಾಸಕ್ಕೆ ಕಳುಹಿಸುತ್ತದೆ. ಆ ಚೀಟಿಯನ್ನು ತಂದು ತೋರಿಸಿದವರಿಗೆ ಮಾತ್ರ ಪಟ್ಟಿ. ಸುಳ್ಳು ವಿಳಾಸ ಬರೆದವನ ಕೈಗೆ ಚೀಟಿ ಸೇರುವುದೇ ಇಲ್ಲ. ಏಳನೆಯ ಬಗೆಯ ಸಂದೇಶಗಳಿಗೆ ಸರ್ವರ್ ತಾನಾಗಿ ಉತ್ತರಿಸುವುದನ್ನೂ ನಿಲ್ಲಿಸಲಾಯಿತು.

ಎನ್‌ಟಿಪಿಯ ಇನ್ನೊಂದು ತಂತ್ರಾಂಶವಾದ 'ಕ್ರೋನಿ' ಆರಂಭದಿಂದಲೇ ತನ್ನದೇ ವಿಚಾರಣಾ ಸಾಧನ 'ಕ್ರೋನಿಸಿ'ಯನ್ನು ಹೊಂದಿದೆ. ನಿರ್ವಾಹಕರು ಬೇರೆ ಏರ್ಪಾಡು ಮಾಡದ ಹೊರತು ಅದು ಅದೇ ಗಣಕದೊಳಗಿನಿಂದ ಬಂದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತದೆ. 2022ರಲ್ಲಿ ಆರನೆಯ ಬಗೆಯ ನಿಯಂತ್ರಣ ಸಂದೇಶಗಳನ್ನು ಆರ್‌ಎಫ್‌ಸಿ 9327 ಎಂಬ ದಸ್ತಾವೇಜಿನಲ್ಲಿ ಮತ್ತೆ ವಿವರವಾಗಿ ದಾಖಲಿಸಲಾಯಿತು. ಆದರೆ ಅದನ್ನು ಇಟ್ಟದ್ದು 'ಚಾರಿತ್ರಿಕ' ಎಂಬ ವರ್ಗದಲ್ಲಿ. 1989ರ ತಾತ್ಕಾಲಿಕ ಏರ್ಪಾಡು ಮೂವತ್ತಮೂರು ವರ್ಷಗಳ ನಂತರ ಅಧಿಕೃತವಾಗಿ ಇತಿಹಾಸದ ಪುಟ ಸೇರಿತು.

ನಮ್ಮ ದೇಶಕ್ಕೂ ಈ ವಿಷಯ ದೂರದ್ದಲ್ಲ. ಭಾರತೀಯ ಪ್ರಮಾಣ ಸಮಯವನ್ನು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ ಪರಮಾಣು ಗಡಿಯಾರಗಳ ನೆರವಿನಿಂದ ಕಾಯುತ್ತದೆ. 2022ರ ಏಪ್ರಿಲ್ 28ರಂದು ಗಣಕ ಸುರಕ್ಷತೆಯ ರಾಷ್ಟ್ರೀಯ ಸಂಸ್ಥೆಯಾದ ಸರ್ಟ್–ಇನ್ ಹೊರಡಿಸಿದ ನಿರ್ದೇಶನವು, ಈ ಪ್ರಯೋಗಾಲಯದ ಇಲ್ಲವೇ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಎನ್‌ಟಿಪಿ ಸರ್ವರುಗಳಿಗೆ, ಅಥವಾ ಅವುಗಳಿಗೆ ಹೊಂದಿಕೊಂಡ ಸರ್ವರುಗಳಿಗೆ, ತಮ್ಮ ಗಣಕಗಳನ್ನು ಹೊಂದಿಸುವಂತೆ ಸಂಸ್ಥೆಗಳಿಗೆ ತಿಳಿಸಿತು. ದೇಶದ ಪ್ರಮಾಣ ಸಮಯವನ್ನು ಹಂಚಲು ಆರಿಸಲಾದ ಐದು ಪ್ರಾದೇಶಿಕ ಮಾನಕ ಪ್ರಯೋಗಾಲಯಗಳಲ್ಲಿ ಬೆಂಗಳೂರಿನದೂ ಒಂದು. ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ ಇಸ್ರೋ 2013ರಲ್ಲಿ ಆರಂಭಿಸಿದ ಸಂಚರಣಾ ಕೇಂದ್ರದಲ್ಲಿಯೂ ನಾವಿಕ್ ಉಪಗ್ರಹ ವ್ಯವಸ್ಥೆಗಾಗಿ ಪರಮಾಣು ಗಡಿಯಾರಗಳು ನಡೆಯುತ್ತಿವೆ.

ಡೇವಿಡ್ ಮಿಲ್ಸ್ ಅವರು 2024ರ ಜನವರಿ 17ರಂದು ತೀರಿಕೊಂಡರು. ಇಳಿವಯಸ್ಸಿನಲ್ಲಿ ಅವರ ದೃಷ್ಟಿ ಪೂರ್ತಿಯಾಗಿ ಹೋಗಿತ್ತು. ಗಡಿಯಾರದ ಮುಖವನ್ನು ಕಣ್ಣಿನಿಂದ ನೋಡಲಾಗದ ಆ ಹಿರಿಯರು ಲೋಕದ ಗಡಿಯಾರಗಳಿಗೆಲ್ಲ ಒಂದು ಶಿಸ್ತು ಕಲಿಸಿದ್ದರು. ನಂಬಿಕೆಗೆ ಅರ್ಹವಾದ ಗಡಿಯಾರ ಪ್ರಶ್ನೆಗೆ ಉತ್ತರ ಕೊಡಬೇಕು, ಆ ಉತ್ತರವನ್ನು ಇತರರ ಉತ್ತರದೊಂದಿಗೆ ಹೋಲಿಸಬೇಕು ಎಂಬುದು ಅವರ ಕಾಲದ ಪಾಠ. ಕೇಳುವವನು ಯಾರು ಎಂದು ತಿಳಿದುಕೊಂಡೇ ಉತ್ತರ ಕೊಡಬೇಕು ಎಂಬುದು ಅವರ ನಂತರದ ಪೀಳಿಗೆ ಕಷ್ಟಪಟ್ಟು ಸೇರಿಸಿದ ಪಾಠ. ಈ ಎರಡನ್ನೂ ಒಟ್ಟಿಗೆ ಪಾಲಿಸುವ ಹೊಣೆ, ನಾಳೆ ಜಾಲಗಳನ್ನು ನಡೆಸಲಿರುವ ಇಂದಿನ ವಿದ್ಯಾರ್ಥಿಗಳದು.

ಚರ್ಚೆಗೆ ಕೆಲವು ಪ್ರಶ್ನೆಗಳು

1. ಎರಡೇ ಸರ್ವರುಗಳನ್ನು ವಿಚಾರಿಸುವ ಗಣಕಕ್ಕೆ, ಅವು ಬೇರೆ ಬೇರೆ ಸಮಯ ಹೇಳಿದರೆ ಯಾವುದು ಸರಿ ಎಂದು ಏಕೆ ತಿಳಿಯದು? ಎಷ್ಟು ಸರ್ವರುಗಳಿದ್ದರೆ ತಿಳಿದೀತು?

2. ಕೋಷ್ಟಕದ ನೆನಪಿನ ಕಾಲಂನಲ್ಲಿ 373 ಎಂದಿದೆ. ಇದನ್ನು ದ್ವಿಮಾನ ಪದ್ಧತಿಗೆ ಬದಲಿಸಿ, ಎಷ್ಟನೆಯ ಪ್ರಶ್ನೆಗೆ ಉತ್ತರ ಬಂದಿಲ್ಲ ಎಂದು ಹೇಳಿ.

3. ಮೇಲಿನ ಲೆಕ್ಕದ ಉದಾಹರಣೆಯಲ್ಲಿ ಪ್ರಶ್ನೆ ಹೋಗಲು 20, ಉತ್ತರ ಬರಲು 40 ಮಿಲಿಸೆಕೆಂಡು ಹಿಡಿದಿದ್ದರೆ, ಗಡಿಯಾರಗಳ ನಿಜವಾದ ವ್ಯತ್ಯಾಸ ಎಷ್ಟು?